ಬಾಗಿಲಿಗೊಂದು ಗಾಡಿ

ಆ ಮನೆಯಲ್ಲಿ ಯಾರೂ ಒಂದೇ ಸಲಕ್ಕೆ ಹೂಂ ಅನ್ನುತ್ತಿರಲಿಲ್ಲ. ಅನ್ನ ಹಾಕಲಾ ಎಂದು ಕೇಳಿದರೆ ಬೇಡ. ಇನ್ನೊಮ್ಮೆ ಕೇಳಿದರೂ ಬೇಡ. ಮೂರನೆಯ ಸಲ ಕೇಳುವಷ್ಟರಲ್ಲಿ ತಟ್ಟೆ ತಾನಾಗಿ ಮುಂದೆ ಬಂದಿರುತ್ತಿತ್ತು. ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವುದಕ್ಕೆ. ಮೂರನೆಯದು ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ. ಇದನ್ನು ಎಲ್ಲರಿಗೂ ಕಲಿಸಿದವಳು ಅಜ್ಜಿ. ತಿನ್ನುವ ಬಾಯಿ ಹೆಚ್ಚು, ಬೇಯುವ ಪಾತ್ರೆ ಚಿಕ್ಕದು ಎಂಬಂಥ ತವರಿನಲ್ಲಿ ಬೆಳೆದವಳು ಅವಳು. ಅಲ್ಲಿ ದೊಡ್ಡವಳು ಎರಡು ಸಲ ಬೇಡ ಅಂದರೆ ಅಷ್ಟರಲ್ಲಿ ತಮ್ಮಂದಿರ ಹೊಟ್ಟೆಗೆ ಇಷ್ಟು ಬೀಳುತ್ತಿತ್ತು. ಕಾಲ ಕಳೆದಂತೆ ಪಾತ್ರೆ ದೊಡ್ಡದಾಯಿತು, ಬಾಯಿಗಳು ಕಡಿಮೆಯಾದವು, ಆ ಬೇಡ ಮಾತ್ರ ಹಾಗೇ ಉಳಿದುಕೊಂಡಿತು.

ಸೊಸೆ ಬಂದ ಹೊಸದರಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಅವಳ ತವರಿನಲ್ಲಿ ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ. ಮೊದಲ ದಿನ ಮೊದಲ ಸಲಕ್ಕೇ ‘ಹಾಕಿ’ ಎಂದುಬಿಟ್ಟಳು. ಅತ್ತೆ ಹಾಕಿದಳು, ಆದರೆ ಸೌಟು ಹಿಡಿದ ಕೈ ಒಂದಿಷ್ಟು ತಡೆದು ಹಾಕಿತು. ಮರುದಿನ ಹೊಟ್ಟೆ ತುಂಬಿ ನಿಜವಾಗಿ ಬೇಡ ಎಂದಾಗ ತಟ್ಟೆಯಲ್ಲಿ ಗುಡ್ಡದಷ್ಟು ಬಿತ್ತು. ತಿಂಗಳೊಳಗೆ ಅವಳೂ ಪಳಗಿದಳು. ಎಷ್ಟು ಪಳಗಿದಳೆಂದರೆ, ಆಫೀಸಿನಲ್ಲಿ ಚಹಾ ಬೇಕಾ ಎಂದು ಯಾರಾದರೂ ಒಂದೇ ಸಲ ಕೇಳಿ ಮುಂದೆ ಹೋದರೆ ಅವಳಿಗೆ ಆ ದಿನ ಚಹಾ ಇಲ್ಲ.

ಮನೆ ಇದ್ದದ್ದು ಊರಿನ ನಡುಪೇಟೆಯಲ್ಲಿ. ಕೆಳಗೆ ಹಾಸಿಗೆ ಅಂಗಡಿ, ಮೇಲೆ ಎರಡು ಕೋಣೆ ಮತ್ತು ಅಡುಗೆಮನೆ. ಎರಡಕ್ಕೂ ಸೇರಿ ಬಾಗಿಲ ನಂಬರು ಒಂದೇ. ಅಂಗಡಿಯನ್ನು ಈಗ ನೋಡಿಕೊಳ್ಳುವವನು ಮಗ. ಹತ್ತಿ ತುಂಬುವುದು, ಫೋಮು ಕತ್ತರಿಸುವುದು, ಗಿರಾಕಿಯ ಜೊತೆ ಚೌಕಾಸಿ ಮಾಡುವುದು ಅವನ ಪಾಲಿನ ಕೆಲಸ. ಗವಸು ಹೊಲಿಯುವುದು, ದಬ್ಬಳ ಹಿಡಿದು ಹಾಸಿಗೆಯ ಅಂಚು ಕಟ್ಟುವುದು ಅಜ್ಜಿಯದು. ಅವಳು ಕಟ್ಟಿದ ಅಂಚು ಹಾಸಿಗೆ ಹರಿದರೂ ಬಿಚ್ಚುವುದಿಲ್ಲ ಎಂದು ಪೇಟೆಯಲ್ಲಿ ಮಾತಿತ್ತು. ಒಂದು ಬೆಳಿಗ್ಗೆ ಹೊಲಿಯುತ್ತ ಕೂತಿದ್ದವಳ ಎಡಗೈಯಿಂದ ಬಟ್ಟೆ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ, ಏಳಲು ಹೋದರೆ ಕಾಲು ಬರಲಿಲ್ಲ. ಎಡಭಾಗಕ್ಕೆ ಲಕ್ವ ಹೊಡೆದಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮೆಟ್ಟಿಲು ಹತ್ತುವ ಮಾತೇ ಇರಲಿಲ್ಲ. ಅಂಗಡಿಯ ಹಿಂದೆ ಫೋಮು ಪೇರಿಸುತ್ತಿದ್ದ ಕೋಣೆಯಲ್ಲಿ ಅಜ್ಜಿಗೆ ಮಂಚ ಹಾಕಿದರು. ನೋಡಲು ಬಂದವರಿಗೆಲ್ಲ ಅವಳೇ ನಗುತ್ತ ಹೇಳುತ್ತಿದ್ದಳು: “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ನೋಡಿ, ಹಾಸಿಗೆ ಬೇಕಾದಷ್ಟಿದೆ, ಕಾಲೇ ಚಾಚಕ್ಕಾಗ್ತಿಲ್ಲ.” ರಾತ್ರಿಯ ಊಟವೂ ಕೆಳಕ್ಕಿಳಿಯಿತು. ಅಂಗಡಿಯ ಷಟರು ಎಳೆದು, ಬಟ್ಟೆ ಕತ್ತರಿಸುವ ಉದ್ದ ಮೇಜನ್ನು ಒರೆಸಿ, ನಾಲ್ಕು ಜನ ಅದರ ಸುತ್ತ ಕೂರುತ್ತಿದ್ದರು. ಎಷ್ಟು ಒರೆಸಿದರೂ ಅನ್ನದ ಮೇಲೆ ಹತ್ತಿಯ ಎಳೆಯೊಂದು ಬಂದು ಕೂರುತ್ತಿತ್ತು. ಅದನ್ನು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಎಲ್ಲರೂ ಉಣ್ಣುತ್ತಿದ್ದರು.

ಮಂಗಳವಾರ ಮತ್ತು ಶುಕ್ರವಾರ ಬಾಗಿಲಿಗೆ ಆಟೊ ಬರುತ್ತಿತ್ತು. ಅದರವನು ಎತ್ತಿನಗಾಡಿಗಿಂತ ಮೆಲ್ಲಗೆ ಓಡಿಸುತ್ತಾನೆಂದು ಮೊಮ್ಮಗಳು ಅವನಿಗೆ ನಿಧಾನಿ ಎಂದು ಹೆಸರಿಟ್ಟಿದ್ದಳು. ಅಜ್ಜಿಗೆ ಆ ನಿಧಾನವೇ ಹಿತವಾಗಿತ್ತು. ಆಸ್ಪತ್ರೆಯಲ್ಲಿ ಕೈಕಾಲು ಹಿಡಿದು ವ್ಯಾಯಾಮ ಮಾಡಿಸುವವಳು ಗಟ್ಟಿ ಕೈಯ ಹೆಂಗಸು. ಅವಳು ಎಳೆದರೆ ಅಜ್ಜಿಯ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೆ ಕೈಯಲ್ಲಿ ಜೀವವೂ ಬರುತ್ತಿತ್ತು. ಮೊದಲು ಭುಜ ಅಲ್ಲಾಡಿತು, ಆಮೇಲೆ ಮೊಣಕೈ. ಕೆಲವು ತಿಂಗಳಿಗೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಮೊದಲ ವರ್ಷದಲ್ಲಿ ಎಷ್ಟು ಬರುತ್ತದೋ ಅಷ್ಟೇ, ಆಮೇಲೆ ಬರುವುದು ಕಷ್ಟ, ತಪ್ಪಿಸಬೇಡಿ ಎಂದು ಆ ಹೆಂಗಸು ಮನೆಯವರಿಗೆಲ್ಲ ಹೇಳಿದ್ದಳು. ಅಜ್ಜಿ ದಿಂಬಿನ ಕೆಳಗೆ ಗವಸಿನ ಬಟ್ಟೆಯ ಚೂರೊಂದನ್ನು ಇಟ್ಟುಕೊಂಡು ಎರಡು ಬೆರಳಲ್ಲಿ ಹಿಡಿಯುವುದು, ಬಿಡುವುದು ಮಾಡುತ್ತಿದ್ದಳು.

“ಸೂಜಿ ಹಿಡಿಯೋದು ಬಲಗೈ, ಬಟ್ಟೆ ಹಿಡಿಯೋದು ಎಡಗೈ,” ಎಂದು ಒಂದು ದಿನ ಮೊಮ್ಮಗಳಿಗೆ ಹೇಳಿದಳು. “ಬಟ್ಟೆ ಹಿಡಿಯೋರು ಇಲ್ದೆ ಸೂಜಿ ಏನು ಮಾಡುತ್ತೆ ಹೇಳು. ಇದೊಂದು ಬಂದ್ಬಿಟ್ರೆ ಸಾಕು, ನಾನು ಮತ್ತೆ ಮೇಜಿನ ಹತ್ರ ಕೂತ್ಕೋತೀನಿ.”

ಸೊಸೆ ಕೆಲಸ ಮಾಡುತ್ತಿದ್ದದ್ದು ನಗರದ ರಸ್ತೆಗಳ ಕಚೇರಿಯಲ್ಲಿ. ನಕ್ಷೆ ಬರೆಯುವುದು ಅವಳ ಕೆಲಸ. ನಡುಪೇಟೆಯನ್ನು ಬದಲಾಯಿಸುವ ಯೋಜನೆ ಎರಡು ವರ್ಷದಿಂದ ಅವಳ ಮೇಜಿನ ಮೇಲಿತ್ತು. ಹಾರ್ನಿನ ಸದ್ದು, ಹೊಗೆ, ಅಡ್ಡಾದಿಡ್ಡಿ ನಿಂತ ಲಾರಿಗಳು, ನಡುವೆ ಜೀವ ಕೈಯಲ್ಲಿ ಹಿಡಿದು ದಾಟುವ ಜನ, ಇದೆಲ್ಲ ಹೋಗಿ ಬೀದಿ ನಡೆಯುವವರದಾಗಬೇಕು. ಸೈಕಲ್ಲಿಗೆ ಒಂದು ಪಟ್ಟಿ, ಮರದ ಸಾಲು, ಬೀದಿಯುದ್ದಕ್ಕೂ ಓಡುವ ಬ್ಯಾಟರಿ ಗಾಡಿ. ಬೇರೆ ಗಾಡಿಗಳು ಹಗಲೂ ರಾತ್ರಿಯೂ ಒಳಗೆ ಬರುವಂತಿಲ್ಲ, ಪಾಸು ಇದ್ದರೆ ಮಾತ್ರ. ಪಾಸು ಎಷ್ಟು ಎಂದು ಸಭೆಯಲ್ಲಿ ಜಗಳವಾದಾಗ, ಪ್ರತಿ ಅಂಗಡಿಯವನೂ ನಾಲ್ಕು ಕೇಳಿದಾಗ, ಬಾಗಿಲಿಗೊಂದು ಗಾಡಿ ಎಂದವಳು ಸೊಸೆಯೇ. ಪಾಸಿನ ಮೇಲೆ ಗಾಡಿಯ ನಂಬರು ಇರಬೇಕು, ಮೂರು ತಿಂಗಳು ಬದಲಾಯಿಸುವಂತಿಲ್ಲ, ಇಲ್ಲದಿದ್ದರೆ ಪಾಸು ಪೇಟೆಯಲ್ಲಿ ಬಾಡಿಗೆಗೆ ಓಡಾಡುತ್ತದೆ ಎಂದವಳೂ ಅವಳೇ. ದೊಡ್ಡ ಎಂಜಿನಿಯರು ಅವಳನ್ನು ಎಲ್ಲರ ಮುಂದೆ ಹೊಗಳಿದ. ಸುಳ್ಳೇಕೆ ಹೇಳಬೇಕು, ಅದು ಒಳ್ಳೆಯ ನಿಯಮವೇ ಆಗಿತ್ತು.

ಮನೆಮನೆಗೆ ಹೋಗಿ ಪಾಸು ಯಾವುದಕ್ಕೆ ಬೇಕೆಂದು ಕೇಳಿ ಬರುವ ಕೆಲಸ ಶುರುವಾಯಿತು. ಕಚೇರಿಯವರು ಸ್ವಂತ ಮನೆಗೆ ಹೋಗಬಾರದೆಂಬ ಕಟ್ಟುನಿಟ್ಟಿದ್ದುದರಿಂದ ಹಾಸಿಗೆ ಅಂಗಡಿಗೆ ಕನ್ನಡಕದ ಹೊಸ ಹುಡುಗಿಯೊಬ್ಬಳು ಬಂದಳು. ಅಂಗಡಿಯ ಸರಕಿಗೋ, ಮನೆಯ ಮನುಷ್ಯರಿಗೋ ಎಂದು ಮಗನನ್ನು ಕೇಳಿದಳು. ಮಗ ಮೇಜಿನ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿ ಹಿಡಿದು ನಿಂತಿದ್ದ. ಒಂದು ಹಾಸ್ಟೆಲಿಗೆ ಹಾಸಿಗೆಗಳ ದೊಡ್ಡ ಕೆಲಸ ಬೆಳಿಗ್ಗೆಯಷ್ಟೇ ಕುದುರಿತ್ತು. ಟೆಂಪೊ ಬಾಗಿಲಿಗೆ ಬರದೆ ಅದು ಆಗುವ ಕೆಲಸವಲ್ಲ. ಅಮ್ಮನನ್ನೇ ಕೇಳಿ ಎಂದು ಹಿಂದಿನ ಕೋಣೆ ತೋರಿಸಿದ.

“ಅಜ್ಜಿ, ನಿಮಗೆ ಬಾಗಿಲವರೆಗೂ ಗಾಡಿ ಬೇಕಾ?”

“ನನಗ್ಯಾಕಮ್ಮ ಗಾಡಿ. ಬೇಡ.”

ಹುಡುಗಿ ಕೈಯಲ್ಲಿದ್ದ ಪರದೆಯ ಮೇಲೆ ಬೆರಳು ಒತ್ತಿ, ಥ್ಯಾಂಕ್ಸ್ ಅಜ್ಜಿ ಎಂದು ಎದ್ದಳು. ಎರಡನೆಯ ಸಲ ಕೇಳುತ್ತಾಳೆಂದು ಅಜ್ಜಿ ಬಾಯಿ ಅರ್ಧ ತೆರೆದು ಕಾದಿದ್ದಳು. ಹುಡುಗಿ ಪಕ್ಕದ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಮಗನನ್ನು ಕೇಳಿ ಹೊರಟುಹೋದಳು. ಮಗನಿಗೆ ಎಲ್ಲ ಕೇಳಿಸಿತ್ತು. ಅವನು ಕತ್ತರಿಯನ್ನು ಬಟ್ಟೆಗೆ ಹಚ್ಚಿ ನೆಟ್ಟಗೆ ಆ ತುದಿಯವರೆಗೂ ಕತ್ತರಿಸಿದ.

ರಾತ್ರಿ ಮೇಜಿನ ಮೇಲೆ ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಸೊಸೆ ಬಡಿಸುತ್ತ ಮಾತು ತೆಗೆದಳು.

“ಅತ್ತೆ, ಗಾಡಿ ಬೇಡ ಅಂದ್ರಂತೆ.”

“ಹೂಂ ಕಣಮ್ಮ.”

“ಈ ವಾರ ಪೂರ್ತಿ ಬದಲಾಯಿಸ್ಬಹುದು. ನಿಮಗೆ ಬೇಕಾ?”

ಅಜ್ಜಿ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದಳು. ಮಗ ನೀರು ಕುಡಿದ.

“ಬೇಡ ಬಿಡು. ಅಂಗಡಿ ನಡೀಲಿ.”

ಸೊಸೆ ಅನ್ನದ ಪಾತ್ರೆ ಎತ್ತಿಕೊಂಡಳು. ಹಾಕಲಾ ಅತ್ತೆ ಎಂದಳು, ಬೇಡ. ಸ್ವಲ್ಪ ಎಂದಳು, ಬೇಡ. ಇಷ್ಟೇ ಎಂದಳು, ತಟ್ಟೆ ಮುಂದೆ ಬಂತು. ಅನ್ನವನ್ನು ಮೂರು ಸಲ ಕೇಳಿದವಳು ಗಾಡಿಯ ಮಾತನ್ನು ಅಲ್ಲಿಗೇ ಬಿಟ್ಟಳು.

“ಅಮ್ಮ, ಅಜ್ಜಿ ಗಾಡಿಗೆ ಎರಡೇ ಸಲ ಬೇಡ ಅಂದಿದ್ದು,” ಎಂದಳು ಮೊಮ್ಮಗಳು. ಹೈಸ್ಕೂಲಿನ ಹುಡುಗಿ, ನಾಲಿಗೆಗೆ ಇನ್ನೂ ಬೀಗ ಬಿದ್ದಿರಲಿಲ್ಲ.

“ಊಟ ಮಾಡು,” ಎಂದಳು ಸೊಸೆ.

ಪಾಸು ಟೆಂಪೊವಿನ ನಂಬರಿಗೆ ಬಂತು. ಬೀದಿಯ ಎರಡೂ ತುದಿಗೆ ಕಬ್ಬಿಣದ ಗೂಟಗಳು ಎದ್ದವು. ಮೊದಲ ದಿನ ಬೆಳಿಗ್ಗೆ ಎದ್ದಾಗ ಏನೋ ಕಳೆದುಹೋದ ಹಾಗಿತ್ತು. ಆಮೇಲೆ ತಿಳಿಯಿತು, ಗಲಾಟೆ ಇಲ್ಲ. ಮಾತಾಡುವವರ ಮಾತು ಕೇಳಿಸುತ್ತಿತ್ತು. ಮೊಮ್ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೊರಟಳು. ಚಿಕ್ಕಂದಿನಿಂದ ಅವಳನ್ನು ಕಾಡುತ್ತಿದ್ದ ಕೆಮ್ಮು ಕೆಲವೇ ವಾರಗಳಲ್ಲಿ ಹಿಂದೆ ಬಿತ್ತು. ಬೀದಿ ಚೆನ್ನಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕೇ ಮನೆಯಲ್ಲಿ ಯಾರಿಗೂ ಅದನ್ನು ಸರಿಯಾಗಿ ಬೈಯಲು ಬರಲಿಲ್ಲ.

ಮೊದಲ ಮಂಗಳವಾರ ಅಜ್ಜಿಯನ್ನು ಹೇಗೆ ಕರೆದೊಯ್ಯುವುದೆಂದು ಚರ್ಚೆಯಾಯಿತು. ಟೆಂಪೊದಲ್ಲೇ ಹೋಗಲಿ ಎಂದರೆ ಅದರ ಮೆಟ್ಟಿಲು ಎದೆಯೆತ್ತರ, ಅಜ್ಜಿಯ ಕಾಲು ಗೇಣೆತ್ತರ ಏಳುವುದೇ ಕಷ್ಟ. ಹಿಂದೆ ಹಾಸಿಗೆಯ ಮೇಲೆ ಮಲಗಿಸಿ ಡೆಲಿವರಿ ಕೊಟ್ಟು ಬರೋಣ ಎಂದು ಮೊಮ್ಮಗಳು ಹೇಳಿದಾಗ ಅಜ್ಜಿಯೊಬ್ಬಳೇ ನಕ್ಕಳು. ಬ್ಯಾಟರಿ ಗಾಡಿ ಬಾಗಿಲ ಮುಂದೆಯೇ ಹಾಯುತ್ತಿತ್ತು, ಆದರೆ ನಿಲ್ಲುತ್ತಿದ್ದದ್ದು ಬ್ಯಾಂಕಿನ ಮುಂದೆ. ಅಲ್ಲಿಗೆ ಹೋದರೂ ಅದರ ಮೆಟ್ಟಿಲೂ ಎತ್ತರವೇ. ತಗ್ಗು ಮೆಟ್ಟಿಲಿನ ಗಾಡಿ ಎರಡನೆಯ ಹಂತದಲ್ಲಿ ಬರುತ್ತದೆಂದು ಸೊಸೆ ಹೇಳಿದಳು. ಕಡೆಗೆ ಚಕ್ರದ ಕುರ್ಚಿಯೊಂದನ್ನು ಬಾಡಿಗೆಗೆ ತಂದರು. ಬೀದಿಯ ತುದಿಯಲ್ಲಿ ನಿಧಾನಿ ಆಟೊ ನಿಲ್ಲಿಸಿಕೊಂಡು ಕಾಯುವುದೆಂದಾಯಿತು.

ಮಗ ತಳ್ಳಿದ, ಮೊಮ್ಮಗಳು ಚೀಲ ಹಿಡಿದಳು. ಬ್ಯಾಂಕಿನವರೆಗೆ ಹೊಸ ಕಲ್ಲುಹಾಸು ಬೆಣ್ಣೆಯಂತಿತ್ತು. ಅಲ್ಲಿಂದ ಮುಂದೆ ಕೆಲಸ ಮುಗಿದಿರಲಿಲ್ಲ, ಜಲ್ಲಿ ಸುರಿದಿದ್ದರು. ಮುಂದಿನ ಚಕ್ರ ಜಲ್ಲಿಯಲ್ಲಿ ಹೂತು ನಿಂತಿತು. ಮಗ ಹಿಂದಕ್ಕೆ ಎಳೆದ, ಮುಂದಕ್ಕೆ ನೂಕಿದ, ಬಗ್ಗಿ ಕೈಯಲ್ಲಿ ಜಲ್ಲಿ ಬಗೆದ. ಹಣ್ಣಿನವನೂ ಬೀಗ ರಿಪೇರಿಯವನೂ ಬಂದು ಆ ಕಡೆ ಈ ಕಡೆ ಹಿಡಿದರು. ನಾಲ್ವರು ಸೇರಿ ಎತ್ತುವಾಗ ಕುರ್ಚಿಯ ಕೆಳಗಿನಿಂದ ನೀರು ತೊಟ್ಟಿಕ್ಕಿತು. ಹಣ್ಣಿನವನು ಮುಖ ಆಚೆ ತಿರುಗಿಸಿಕೊಂಡ. ಅವನ ಮದುವೆಯ ಹಾಸಿಗೆಯನ್ನು ಅಜ್ಜಿಯೇ ಕಟ್ಟಿಕೊಟ್ಟಿದ್ದಳು. ಅಜ್ಜಿ ಬಲಗೈಯಿಂದ ಸೀರೆಯನ್ನು ಎಳೆದು ಎಳೆದು ಮುಚ್ಚಿಕೊಳ್ಳುತ್ತಿದ್ದಳು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

“ಮನೆಗೆ ನಡಿ ಮಗ,” ಎಂದಳು.

ಕುರ್ಚಿಯನ್ನು ತಿರುಗಿಸಿದರು. ಆ ದಿನ ಸೊಸೆ ಆಫೀಸಿನಿಂದ ಬರುವಷ್ಟರಲ್ಲಿ ಸೀರೆ ಒಗೆದು ಒಣಗಿತ್ತು. ಊಟದ ಹೊತ್ತಿಗೆ ಮೊಮ್ಮಗಳು ನಡೆದದ್ದನ್ನು ಹೇಳಿದಳು. ಸೊಸೆ ಕೇಳಿಸಿಕೊಂಡು, ಬ್ಯಾಂಕಿನಿಂದ ಆಚೆಗಿನ ಕಲ್ಲು ಬರುವ ತಿಂಗಳು ಹಾಕುತ್ತಾರೆ ಎಂದಳು.

ಶುಕ್ರವಾರ ಅಜ್ಜಿಗೆ ತಲೆನೋವು. ಮುಂದಿನ ಮಂಗಳವಾರ ಮೈ ಬಿಸಿ. ಅದರ ಮುಂದಿನದಕ್ಕೆ ಕಾರಣವನ್ನು ಯಾರೂ ಕೇಳಲಿಲ್ಲ. ಮನೆಗೇ ಬಂದು ವ್ಯಾಯಾಮ ಮಾಡಿಸುವವನೊಬ್ಬನನ್ನು ಮಗ ಹುಡುಕಿದ. ಸ್ಕೂಟರನ್ನು ಊರಾಚೆಯೇ ನಿಲ್ಲಿಸಿ ನಡೆದು ಬಂದ ಹಾಗಾಗುತ್ತದೆ ಎಂದು ಗೊಣಗಿ ಅವನು ಎರಡೇ ಸಲಕ್ಕೆ ನಿಲ್ಲಿಸಿಬಿಟ್ಟ. ಮೊಮ್ಮಗಳು ಶಾಲೆಯಿಂದ ಬಂದು ಅಜ್ಜಿಯ ಬೆರಳುಗಳನ್ನು ಬಿಡಿಸುತ್ತಿದ್ದಳು. ಅಜ್ಜಿ ಸಾಕು ಕಣೇ ಎಂದರೆ ಸಾಕು ಮಾಡುತ್ತಿದ್ದಳು. ಆಸ್ಪತ್ರೆಯವಳಿಗೆ ಕರುಣೆ ಇರಲಿಲ್ಲ, ಮೊಮ್ಮಗಳಿಗಿತ್ತು. ಕೈ ಮೆಲ್ಲಮೆಲ್ಲನೆ ಒಳಕ್ಕೆ ಮಡಿಚಿಕೊಳ್ಳತೊಡಗಿತು.

ಸೊಸೆ ಒಂದು ದಿನ ದೊಡ್ಡ ಎಂಜಿನಿಯರ ಕೋಣೆಗೆ ಹೋದಳು. ಮನೆಯ ಸಂಗತಿಯನ್ನು ಸುತ್ತಿ ಬಳಸಿ, ಬೇರೆ ಯಾರದೋ ಮನೆಯ ಮಾತಿನಂತೆ ಶುರು ಮಾಡಿ, ಕಡೆಗೆ ತಮ್ಮದೇ ಎಂದಳು. ಅವನು ಕೆಟ್ಟವನಲ್ಲ. ನಿಮ್ಮ ಮನೆಗೇ ಎರಡು ಕೊಟ್ಟರೆ ಪೇಟೆ ಪೂರ್ತಿ ನನ್ನ ಬಾಗಿಲಿಗೆ ಬರುತ್ತದಲ್ಲ ಎಂದು ಮೊದಲು ತಲೆ ಕೆರೆದುಕೊಂಡ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಒಂದು ಕೆಲಸ ಮಾಡಿ. ಕಾಯಿಲೆ ಅಂತ ವಿಶೇಷವಾಗಿ ಬರೆದುಕೊಡಿ. ನಾನು ಸಹಿ ಹಾಕ್ತೀನಿ.”

“ಬೇಡ ಸರ್. ನಿಮಗೆ ತೊಂದರೆ.”

“ಹಾಗಾದ್ರೆ ಸರಿ,” ಎಂದು ಅವನು ಕನ್ನಡಕ ಹಾಕಿಕೊಂಡ.

ಅವಳು ಇನ್ನೂ ನಿಂತಿದ್ದಳು. ಅವನು ತಲೆಯೆತ್ತಿ ಮತ್ತೇನಾದರೂ ಇದೆಯಾ ಎಂದು ಕೇಳಿದ. ಏನಿಲ್ಲ ಸರ್ ಎಂದು ಹೊರಗೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಆ ದಿನ ಬೀದಿಯ ಪೂರ್ವದ ತುದಿಯಲ್ಲಿ ಮರಗಳಿಗೆ ಗುಂಡಿ ಎಲ್ಲೆಲ್ಲಿ ತೋಡಬೇಕೆಂದು ಗುರುತು ಹಾಕುವ ಕೆಲಸವಿತ್ತು. ಸಂಜೆಯವರೆಗೆ ಅದನ್ನು ಮಾಡಿದಳು.

ಇದನ್ನು ಅವಳು ಮನೆಯಲ್ಲಿ ಹೇಳಿದ್ದು ಜಗಳದ ಬಾಯಿಗೆ ಸಿಕ್ಕಿ. ಒಂದು ರಾತ್ರಿ ಊಟವಾದ ಮೇಲೆ ಅಜ್ಜಿಯ ಮಡಿಚಿದ ಮುಷ್ಟಿಯೊಳಗೆ ಉಗುರು ಊರಿ ಗಾಯವಾಗಿದ್ದನ್ನು ಮಗ ಕಂಡ. ಔಷಧ ಹಚ್ಚಲು ಹೋದರೆ ಬೆರಳು ಬಿಡಲಿಲ್ಲ. ಅಜ್ಜಿಯನ್ನು ಮಲಗಿಸಿ ಬಂದು ಹೆಂಡತಿಯ ಮುಂದೆ ನಿಂತ.

“ನಿನ್ನ ಬೀದಿ ನಮ್ಮಮ್ಮನ ಕೈ ತಿಂತು.”

“ಬೀದಿ ಕೇಳ್ತಲ್ಲ ರೀ, ಬೇಕಾ ಅಂತ. ನೀವು ಕತ್ತರಿ ಹಿಡ್ಕೊಂಡು ನಿಂತಿದ್ರಿ.”

“ನಿಮ್ಮ ಹುಡುಗಿ ಒಂದೇ ಸಲ ಕೇಳಿದ್ಲು.”

“ನೀವೊಂದು ಸಲ ಕೇಳ್ಬಹುದಿತ್ತು.”

“ನೀನು ಕೇಳಿದ್ಯಲ್ಲ. ಆಮೇಲೆ ಯಾಕೆ ನಿಲ್ಲಿಸ್ದೆ?”

ಸೊಸೆ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಮೂರನೆಯ ಸಲ ಕೇಳಿದ್ದರೆ ಅತ್ತೆ ಹೂಂ ಅನ್ನುತ್ತಿದ್ದರು, ಅಂಗಡಿಯ ಕೆಲಸ ಕೈತಪ್ಪುತ್ತಿತ್ತು, ಆಗಲೂ ನೀವು ನನ್ನ ಬೀದಿಯನ್ನೇ ಬೈಯುತ್ತಿದ್ದಿರಿ ಎಂದಳು. ದನಿ ಏರಲಿಲ್ಲ. ನಂತರ ದೊಡ್ಡ ಎಂಜಿನಿಯರು ಹೇಳಿದ್ದನ್ನೂ ತಾನು ಬೇಡ ಎಂದದ್ದನ್ನೂ ಅದೇ ದನಿಯಲ್ಲಿ ಹೇಳಿದಳು. ಈಗ ಅಪ್ಪ ಬೈಯುತ್ತಾನೆಂದು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಮೊಮ್ಮಗಳು ಅಂದುಕೊಂಡಳು. ಅವನು ಪೊರಕೆ ತೆಗೆದುಕೊಂಡು ಮೇಜಿನ ಕೆಳಗಿದ್ದ ಹತ್ತಿಯನ್ನು ಗುಡಿಸತೊಡಗಿದ.

ಹಿಂದಿನ ಕೋಣೆಗೂ ಅಂಗಡಿಗೂ ನಡುವೆ ಇದ್ದದ್ದು ಬಾಗಿಲಲ್ಲ, ಪರದೆ. ಅಜ್ಜಿಗೆ ಎಲ್ಲ ಕೇಳಿಸಿರಬೇಕು. ಬೆಳಿಗ್ಗೆ ಅವಳು ಸೊಸೆಯನ್ನು ಕರೆದು, ಹಾಲು ಕಾಯಿಸುವಾಗ ಉಕ್ಕಿಸಬೇಡ, ವಾಸನೆ ಇಲ್ಲಿಯವರೆಗೂ ಬರುತ್ತದೆ ಎಂದಷ್ಟೇ ಹೇಳಿದಳು.

ಹಾಸ್ಟೆಲಿನ ಹಾಸಿಗೆಗಳು ಹೋದ ಮೇಲೆ ದೊಡ್ಡ ಕೆಲಸ ಮತ್ತೆ ಬರಲಿಲ್ಲ. ಬೀದಿಯಲ್ಲಿ ನಡೆದು ಬರುವವರು ಹಾಸಿಗೆ ಹೊತ್ತುಕೊಂಡು ಹೋಗುತ್ತಾರೆಯೇ? ಅವರು ದಿಂಬು ಕೊಂಡರು. ಕೂರುವ ಮೆತ್ತೆ ಕೊಂಡರು, ಮಗುವಿನ ತೊಟ್ಟಿಲಿಗೆ ಚಿಕ್ಕ ಹಾಸಿಗೆ ಕೊಂಡು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಸಂಜೆ ಗಾಳಿಗೆ ಬಂದವರು ಸುಮ್ಮನೆ ಒಳಗೆ ಬಂದು ಮುಟ್ಟಿ ನೋಡಿ ಒಂದು ದಿಂಬಾದರೂ ಕೊಳ್ಳದೆ ಹೋಗುತ್ತಿರಲಿಲ್ಲ. ಮಗ ಹಾಸಿಗೆಯ ಫೋಮನ್ನು ದಿಂಬಿನ ಅಳತೆಗೆ ಕತ್ತರಿಸಲು ಕಲಿತ. ಅಂಗಡಿ ಮೊದಲಿಗಿಂತ ಚೆನ್ನಾಗಿಯೇ ನಡೆಯಿತು. ಟೆಂಪೊ ಬರುವುದು ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ದಿಂಬಿನ ಗವಸು ಹೊಲಿಯಲು ಒಬ್ಬಾಕೆ ಬರತೊಡಗಿದಳು. ಅವಳು ಹೊಲಿಗೆಯ ಯಂತ್ರವನ್ನು ತುಳಿಯುವ ಸದ್ದು ಹಿಂದಿನ ಕೋಣೆಗೆ ದಿನವಿಡೀ ಕೇಳುತ್ತಿತ್ತು. ಅಂಚು ಸಡಿಲವಾಯಿತು ಎಂದು ಅಜ್ಜಿ ಮೊದಮೊದಲು ಪರದೆಯ ಆಚೆಯಿಂದಲೇ ಹೇಳುತ್ತಿದ್ದಳು, ಆಮೇಲೆ ಹೇಳುವುದನ್ನು ಬಿಟ್ಟಳು.

ಪಾಸಿನ ಮೂರು ತಿಂಗಳ ಅವಧಿ ಮುಗಿದ ದಿನ ಮಗ ತಾನೇ ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಪಾಸನ್ನು ಆಟೊವಿನ ನಂಬರಿಗೆ ಬದಲಾಯಿಸಿಕೊಂಡು ಬಂದ. ಹೆಂಡತಿ ಕೂರುವ ಕೋಣೆಯ ಮುಂದೆಯೇ ಹಾದುಹೋದರೂ ಒಳಗೆ ಇಣುಕಲಿಲ್ಲ. ಮಂಗಳವಾರ ನಿಧಾನಿ ಬಾಗಿಲಿಗೆ ಬಂದ. ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ. ಮಗ ಎತ್ತಿ ಕೂರಿಸಿ ನಿಧಾನಿಯ ಪಕ್ಕಕ್ಕೆ ಕೂತ, ಸೊಸೆ ರಜೆ ಹಾಕಿ ಅತ್ತೆಯ ಜೊತೆಗೆ ಕೂತಳು.

ಆಸ್ಪತ್ರೆಯಲ್ಲಿ ಗಟ್ಟಿ ಕೈಯ ಹೆಂಗಸು ಅಜ್ಜಿಯ ಮುಷ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಿಡಿಸಿ ನೋಡಿದಳು. ಬೆರಳು ಅರ್ಧಕ್ಕೆ ಬಂದು ನಿಂತವು. ಬಲ ಹಾಕಿದಳು, ಅಜ್ಜಿಯ ಕಣ್ಣಲ್ಲಿ ನೀರು ಬಂತು, ಬೆರಳು ಬರಲಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದಳು. ಬೀದಿ ಮುಚ್ಚಿದ್ದರು ಎಂದ ಮಗ. ಅವಳು ಅಜ್ಜಿಯ ಕೈಯನ್ನು ಮೆಲ್ಲಗೆ ಮಡಿಲಿಗೆ ಮರಳಿಸಿದಳು.

“ಇನ್ನು ನೋವಾಗದ ಹಾಗೆ ನೋಡ್ಕೊಳ್ಳೋದಷ್ಟೆ. ಮುಷ್ಟಿ ಒಳಗೆ ಬಟ್ಟೆ ಸುರುಳಿ ಇಡಿ, ಗಾಯ ಆಗಲ್ಲ.”

“ಹೊಲಿಗೆ?” ಎಂದಳು ಸೊಸೆ.

ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಮುಂದಿನ ಸಲ ಯಾವಾಗ ಬರಬೇಕೆಂದು ಮಗ ಕೇಳಿದ್ದಕ್ಕೆ, ಬರಬೇಕಾಗಿಲ್ಲ, ಇಷ್ಟು ದೂರ ಕರೆತಂದು ಅವರಿಗೆ ಆಯಾಸ ಮಾಡಬೇಡಿ, ಇಷ್ಟನ್ನು ಮನೆಯಲ್ಲೇ ಮಾಡಬಹುದು ಎಂದಳು. ಅಜ್ಜಿ ಪಕ್ಕದ ಮಂಚದಲ್ಲಿ ರಬ್ಬರಿನ ಚೆಂಡು ಹಿಸುಕುತ್ತಿದ್ದ ಯಾರೋ ಮುದುಕನನ್ನು ನೋಡುತ್ತಿದ್ದಳು.

ಶುಕ್ರವಾರ ಆಟೊ ಮತ್ತೆ ಬಾಗಿಲಿಗೆ ಬಂದು ನಿಂತಿತು. ಬರಬೇಡ ಎಂದು ನಿಧಾನಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದರು. ಮಗ ಹೊರಗೆ ಬಂದು, ಇನ್ನು ಬೇಕಾಗಿಲ್ಲ, ಹೇಳಿ ಕಳಿಸಬೇಕಿತ್ತು ಎಂದು ಒದ್ದಾಡುತ್ತಿರುವಾಗ ಪರದೆಯ ಹಿಂದಿನಿಂದ ಅಜ್ಜಿಯ ದನಿ ಬಂತು. ಬಂದ ಗಾಡಿ ಬರಿದೇ ಹೋಗುವುದು ಯಾಕೆ, ನನ್ನನ್ನು ಕೂರಿಸು ಎಂದಳು. ಎಲ್ಲಿಗಮ್ಮ ಎಂದ ಮಗ. ಎಲ್ಲಿಗೂ ಇಲ್ಲ, ಈ ತುದಿಯಿಂದ ಆ ತುದಿಗೆ, ಬೀದಿ ನೋಡಿ ಬರ್ತೀನಿ ಎಂದಳು. ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಆಟೊ ಹತ್ತಿ ಅತ್ತೆಯ ಎಡಕ್ಕೆ ಕೂತು, ಆ ಕೈ ಜಾರದಂತೆ ತನ್ನ ಕೈಯಲ್ಲಿ ಹಿಡಿದುಕೊಂಡಳು.

ಬೀದಿಯಲ್ಲಿ ಅದೊಂದೇ ಗಾಡಿ. ನಿಧಾನಿ ನಡೆಯುವವರ ಹಿಂದೆ ನಡಿಗೆಯ ವೇಗದಲ್ಲೇ ಬಿಟ್ಟ. ಗಿಡಗಳು ಚಿಗುರಿದ್ದವು. ಬ್ಯಾಂಕಿನಿಂದ ಆಚೆಗೂ ಕಲ್ಲು ಹಾಸಿ ಮುಗಿದಿತ್ತು, ಚಕ್ರ ಎಲ್ಲೂ ಕುಲುಕಲಿಲ್ಲ. ಹಣ್ಣಿನವನು ಕೈಯೆತ್ತಿದ, ಅಜ್ಜಿಯೂ ಬಲಗೈ ಎತ್ತಿದಳು. ಮಕ್ಕಳು ಅಡ್ಡಡ್ಡ ಓಡಾಡುತ್ತಿದ್ದವು, ಅವುಗಳ ತಾಯಂದಿರು ಬೆದರಿ ಕೂಗುತ್ತಿರಲಿಲ್ಲ. ಚೆನ್ನಾಗಿ ಮಾಡಿದ್ದೀಯ ಕಣಮ್ಮ ಎಂದು ಅಜ್ಜಿ ಹೇಳಿದಳು, ಮನಸಾರೆಯೇ ಹೇಳಿದಳು. ಆಟೊ ಇನ್ನಷ್ಟು ದೂರ ಹೋಯಿತು.

“ನನಗೆ ಬೇಕಿತ್ತು,” ಎಂದಳು ಅಜ್ಜಿ. ಯಾರೂ ಏನೂ ಕೇಳಿರಲಿಲ್ಲ.

ಸೊಸೆ ಆ ಕೈಯನ್ನು ಹಿಡಿದೇ ಇದ್ದಳು. ಅದು ಒಳಗೊಂದು ಬಟ್ಟೆಯ ಸುರುಳಿಯನ್ನು ಇಟ್ಟುಕೊಂಡು ಮುಚ್ಚಿತ್ತು.

“ಗೊತ್ತಿತ್ತು ಅತ್ತೆ,” ಎಂದಳು.

ಮುಂದೆ ಶಾಲೆಗೆ ಹೊರಟ ಮಕ್ಕಳ ಸಾಲೊಂದು ಬೀದಿ ದಾಟುತ್ತಿತ್ತು. ನಿಧಾನಿ ಆಟೊ ನಿಲ್ಲಿಸಿ, ಅವರೆಲ್ಲ ದಾಟುವವರೆಗೆ ಕಾದ.